ಬಿಸಿಲಲ್ಲಿಟ್ಟ ರಕ್ತ

ಅಕ್ಕನ ಕಾಲು ಕತ್ತರಿಸಿದ ಮೇಲೆ ಡಾಕ್ಟರು ಬೈದರು. ಮೊದಲೇ ಬೈದಿದ್ದರೆ ಕಾಲಾದರೂ ಉಳಿಯುತ್ತಿತ್ತೇನೋ. ಆದರೆ ಕಸ ಗುಡಿಸುವವರನ್ನು ಮೊದಲೇ ಬೈಯುವಷ್ಟು ಪುರುಸೊತ್ತು ಯಾರಿಗಿದೆ?

“ಸಕ್ಕರೆ ಕಾಯಿಲೆ ಇಷ್ಟು ಏರೋವರೆಗೆ ಏನ್ ಮಾಡ್ತಿದ್ರಿ? ಒಂದ್ ಸಲ ರಕ್ತ ಪರೀಕ್ಷೆ ಮಾಡಿಸೋಕಾಗ್ಲಿಲ್ವಾ?”

ತಂಗಿ ಮಂಚದ ಪಕ್ಕ ನಿಂತಿದ್ದಳು. “ಮಾಡಿಸಿದ್ವಿ ಸಾರ್. ಏನೂ ಇಲ್ಲ ಅಂತ ಬಂತು.”

“ಏನೂ ಇಲ್ಲ ಅಂತ ಹೇಳಿದ್ಯಾರು?”

“ನಿಮ್ಮಂಥವರೇ ಸಾರ್.”

ಡಾಕ್ಟರು ಅವಳ ಮುಖ ನೋಡಿದರು. ಸುಳ್ಳು ಹೇಳುವವರನ್ನು ದಿನಾ ನೋಡಿ ಸುಸ್ತಾದವರ ನೋಟ ಅದು. ಮುಂದಿನ ಮಂಚಕ್ಕೆ ಹೋದರು.

ಈ ತಂಗಿಯನ್ನು ಜೊತೆಯವರೆಲ್ಲ ಗಡಿಬಿಡಿ ಎಂದು ಕರೆಯುತ್ತಾರೆ. ಪೊರಕೆ ಹಿಡಿದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತಲೆಯೆತ್ತದೆ ಗುಡಿಸಿ ಹಾಕುತ್ತಿದ್ದಳೆಂದು ಬಿದ್ದ ಹೆಸರು. ಈಗ ಆ ಹೆಸರು ಕೇಳಿದರೆ ಅವಳಿಗೇ ನಗು ಬರುತ್ತದೆ. ಅರ್ಧ ಬೀದಿ ಮುಗಿಯುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನೀರು ಕುಡಿದರೆ ಇನ್ನೊಂದು ಕಷ್ಟ. ಆ ಬೀದಿಯಲ್ಲಿ ಹೋಟೆಲುಗಳಿವೆ, ಬ್ಯಾಂಕಿದೆ, ಬಟ್ಟೆ ಅಂಗಡಿಗಳಿವೆ. ಎಲ್ಲದರ ಬಾಗಿಲ ಮುಂದೆ ಗುಡಿಸುವವಳು ಅವಳೇ. ಒಳಗೆ ಬಂದು ಪಾಯಿಖಾನೆಗೆ ಹೋಗಿಬರುತ್ತೇನೆಂದರೆ ಮಾತ್ರ ಅವಳ ಗುರುತು ಯಾರಿಗೂ ಹತ್ತುವುದಿಲ್ಲ. ಹಾಗಾಗಿ ಬಾಯಾರಿಕೆ ತಡೆದುಕೊಳ್ಳುತ್ತಾಳೆ. ತಡೆಯಲಾರದೆ ಕುಡಿದರೆ ಉಚ್ಚೆ ತಡೆದುಕೊಳ್ಳುತ್ತಾಳೆ. ದಿನವಿಡೀ ಏನಾದರೊಂದನ್ನು ತಡೆದುಕೊಳ್ಳುವುದೇ ಅವಳ ಕೆಲಸ. ಗುಡಿಸುವುದು ಅದರ ಮೇಲಿನ ಕೆಲಸ.

ಅಕ್ಕನಿಗೂ ಹೀಗೆಯೇ ಶುರುವಾಗಿತ್ತು. ಮೊದಲು ಬಾಯಾರಿಕೆ. ಆಮೇಲೆ ಸುಸ್ತು. ಆಮೇಲೆ ಕಾಲು. ಚರಂಡಿಯ ಹೂಳೆತ್ತುವಾಗ ಗಾಜಿನ ಚೂರೊಂದು ಚಪ್ಪಲಿ ಹಾಯ್ದು ಪಾದದೊಳಗೆ ಹೋಗಿತ್ತು. ಅಕ್ಕನಿಗೆ ಗೊತ್ತೇ ಆಗಲಿಲ್ಲ. ಸಂಜೆ ಚಪ್ಪಲಿ ಬಿಚ್ಚಿದಾಗ ರಕ್ತ ಹೆಪ್ಪುಗಟ್ಟಿತ್ತು. “ನೋವೇ ಆಗ್ಲಿಲ್ಲ ನೋಡೇ, ನನ್ ಕಾಲು ಎಷ್ಟ್ ಗಟ್ಟಿ” ಎಂದು ಅಕ್ಕ ನಕ್ಕಿದ್ದಳು. ಆ ಗಾಯ ಆರಲಿಲ್ಲ. ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು, ಹಳೇ ಸೀರೆ ಹರಿದು ಕಟ್ಟಿದರು. ಅದೇ ಕಾಲನ್ನು ಮತ್ತೆ ಅದೇ ಚರಂಡಿಗೆ ಇಳಿಸಿದಳು. ಇಳಿಸದೆ ಏನು ಮಾಡುತ್ತಾಳೆ?

ರಜೆ ಕೇಳಲು ಹೋದಾಗ ಮೇಸ್ತ್ರಿ ಕುರ್ಚಿಯಿಂದ ಏಳಲೂ ಇಲ್ಲ. ಗುಡಿಸುವವರನ್ನೆಲ್ಲ ಬೀದಿಬೀದಿಗೆ ಹಂಚುವವನು, ಹಾಜರಿ ಹಾಕುವವನು ಅವನೇ.

“ಕ್ಯಾಂಪಲ್ಲಿ ರಕ್ತ ತೆಗೆದ್ರಲ್ಲ? ನಾರ್ಮಲ್ ಅಂತ ಬಂದಿದೆ. ಎಲ್ಲರದ್ದೂ ನಾರ್ಮಲ್. ಕಾಯಿಲೆ ಇರೋರಿಗೆ ರಜೆ, ನಾಟಕ ಆಡೋರಿಗಲ್ಲ.”

“ಗಾಯ ನೋಡಪ್ಪಾ, ಹೇಗಾಗಿದೆ” ಎಂದು ಅಕ್ಕ ಬಟ್ಟೆ ಬಿಚ್ಚಲು ಬಗ್ಗಿದಳು.

“ಏಯ್, ಇಲ್ಲಿ ಬಿಚ್ಚಬೇಡ! ಈಗಷ್ಟೇ ತಿಂಡಿ ತಿಂದಿದ್ದೀನಿ.”

ಅಕ್ಕ ಬಟ್ಟೆ ಮತ್ತೆ ಕಟ್ಟಿಕೊಂಡಳು. ಅವನ ಹೊಟ್ಟೆಯ ತಿಂಡಿ ಕೆಡಬಾರದಲ್ಲ.

ಆ ಕ್ಯಾಂಪು ಗಡಿಬಿಡಿಗೆ ಚೆನ್ನಾಗಿ ನೆನಪಿದೆ. ನಗರಸಭೆ ಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಶಾಮಿಯಾನದ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಕಚೇರಿಯವರು. ಗುಡಿಸುವವರು ಹೊರಗೆ ಬಿಸಿಲಲ್ಲಿ ಸಾಲಾಗಿ ನೆಲದ ಮೇಲೆ. ಮೊದಲು ಕಚೇರಿಯವರ ರಕ್ತ ತೆಗೆದು ಕಾರಿನಲ್ಲಿ ಕಳಿಸಿಬಿಟ್ಟರು. ಆಮೇಲೆ ಇವರದು. ರಕ್ತ ತೆಗೆಯುವ ಹೆಂಗಸು ನಡುವಯಸ್ಸಿನವಳು, ಮಾತು ಕಡಿಮೆ. ಸೂಜಿಯಮ್ಮ ಎಂದು ಯಾರೋ ಕರೆದರು, ಅದೇ ನಿಂತಿತು. ಸೂಜಿಯಮ್ಮ ಇವರ ಸೀಸೆಗಳನ್ನು ಒಂದು ಬಿಳೀ ಪೆಟ್ಟಿಗೆಯಲ್ಲಿ ಜೋಡಿಸಿ, ಮೇಲೆ ಎರಡು ಐಸಿನ ಚೀಲ ಇಟ್ಟು ಮುಚ್ಚಿದಳು.

ದೊಡ್ಡ ಸಾಹೇಬರು ಬರುವುದು ತಡವಾಯಿತು. ಅವರಿಗೆಂದು ತಂದಿದ್ದ ತಂಪು ಪಾನೀಯದ ಬಾಟಲಿಗಳು ಟಬ್ಬಿನಲ್ಲಿ ಬೆಚ್ಚಗಾಗುತ್ತಿದ್ದವು. ಮೇಸ್ತ್ರಿ ಅತ್ತ ನೋಡಿದ, ಇತ್ತ ನೋಡಿದ, ಬಿಳೀ ಪೆಟ್ಟಿಗೆಯ ಮುಚ್ಚಳ ತೆಗೆದು ಐಸಿನ ಚೀಲ ಎರಡನ್ನೂ ಎತ್ತಿ ಟಬ್ಬಿಗೆ ಹಾಕಿದ. ಎಲ್ಲರೂ ನೋಡಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ಐಸು ಇರುವುದೇ ಸಾಹೇಬರಿಗೆ ಅಲ್ಲವೇ ಎಂದುಕೊಂಡರು. ಸಾಹೇಬರು ಬಂದರು, ಮಾತಾಡಿದರು, ಗುಡಿಸುವವರು ದೇಶದ ಆಸ್ತಿ ಎಂದರು, ಒಂದು ಬಾಟಲಿ ಅರ್ಧ ಕುಡಿದು ಇಟ್ಟರು. ಪೆಟ್ಟಿಗೆ ಒಯ್ಯಬೇಕಾಗಿದ್ದ ಗಾಡಿ ಸಾಹೇಬರ ಹಿಂದೆ ಹೋಯಿತು. ಪೆಟ್ಟಿಗೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ ಗುಡಿಸಲು ಬಂದಾಗಲೂ ಅಲ್ಲೇ ಇತ್ತು. ಗಡಿಬಿಡಿಯೇ ಅದರ ಸುತ್ತ ಗುಡಿಸಿದ್ದಳು.

ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಸಾಹೇಬರು ಹೋದ ಮೇಲೆ ಉಳಿದ ಬಾಟಲಿಗಳನ್ನು ಮೇಸ್ತ್ರಿ ಇವರಿಗೆ ಹಂಚಿದ. ವರ್ಷಕ್ಕೊಮ್ಮೆ ಬರುವ ಧಾರಾಳ. ಎಲ್ಲರಿಗೂ ಖುಷಿಯೋ ಖುಷಿ. ಅಕ್ಕ ಎರಡು ಬಾಟಲಿ ಕುಡಿದಳು. “ಹಲ್ಲು ಜುಮ್ ಅನ್ನತ್ತೆ ಕಣೇ, ಎಷ್ಟ್ ತಣ್ಣಗಿದೆ” ಎಂದಳು. ಅವಳ ರಕ್ತ ಅಲ್ಲೇ ಮೆಟ್ಟಿಲ ಮೇಲೆ ಬೇಯುತ್ತಿತ್ತು.

ಇದರ ಅರ್ಥ ಗಡಿಬಿಡಿಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಕಾಲು ತೆಗೆದ ವಾರ ಅಕ್ಕನ ರಕ್ತ ತೆಗೆಯಲು ಬಂದವಳು ಅದೇ ಸೂಜಿಯಮ್ಮ. ಅಕ್ಕನನ್ನು ಗುರುತು ಹಿಡಿದಳು. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಅದನ್ನು ನೋಡಿ ಸೂಜಿ ಕೆಳಗಿಟ್ಟಳು. ಆಮೇಲೆ ಗಡಿಬಿಡಿಯನ್ನು ವರಾಂಡಕ್ಕೆ ಕರೆದಳು.

“ಕ್ಯಾಂಪಿನ ಪೆಟ್ಟಿಗೆ ಲ್ಯಾಬಿಗೆ ಬಂದಾಗ ಬೆಚ್ಚಗಿತ್ತು” ಎಂದಳು. “ಐಸೇ ಇರಲಿಲ್ಲ.”

“ಐಸು ಇಲ್ದಿದ್ರೆ ಏನಾಗತ್ತೆ?”

“ಮೈಯಿಂದ ತೆಗೆದ್ರೂ ರಕ್ತ ಸುಮ್ನಿರಲ್ಲ. ಸೀಸೆಯಲ್ಲೇ ಅದರ ಸಕ್ಕರೆನ ಅದೇ ತಿಂತಾ ಇರತ್ತೆ. ಬಿಸಿಲಲ್ಲಿಟ್ರೆ ಇನ್ನೂ ಬೇಗ ತಿನ್ನತ್ತೆ. ಅದನ್ನ ತಡೆಯೋಕೆ ಪುಡಿ ಹಾಕಿರೋ ಸೀಸೆ ಬೇರೆ ಬರತ್ತೆ. ಅಂಥದ್ದು ಕಳಿಸಿದ್ದೇ ಸ್ವಲ್ಪ, ಕಚೇರಿಯವರಿಗೇ ಮುಗಿದೋಯ್ತು. ನಿಮ್ಮದು ಬರೀ ಸೀಸೆ. ಐಸಾದ್ರೂ ಇರ್ಲಿ, ಬೇಗ ಹೋಗ್ಲಿ ಅಂತ ಇಟ್ಟಿದ್ದೆ.”

“ಅಂದ್ರೆ ಅಕ್ಕನ ಸಕ್ಕರೆ…”

“ಮೈಯಲ್ಲಿತ್ತು. ಸೀಸೆಯಲ್ಲಿರಲಿಲ್ಲ.”

ಗಡಿಬಿಡಿ ವರಾಂಡದ ಗೋಡೆಗೆ ಒರಗಿದಳು. ಸುಣ್ಣ ಬೆನ್ನಿಗೆ ಹತ್ತಿತು.

“ಅದು ಕೆಟ್ಟ ರಕ್ತ, ಮತ್ತೆ ತೆಗೀಬೇಕು ಅಂತ ಹೇಳ್ದೆ. ಮತ್ತೆ ಶಾಮಿಯಾನ ಯಾರು ಹಾಕಿಸ್ತಾರೆ ಅಂದ್ರು. ಮಿಷನ್ನಿಗೆ ಹಾಕಿದ್ರು, ಏನೋ ನಂಬರ್ ಬಂತು, ಕಳಿಸಿದ್ರು. ನಿಮ್ಮಲ್ಲೊಬ್ರು ಯಾವಾಗ್ಲೂ ಮಾತಾಡ್ತಾನೇ ಇರ್ತಾರಲ್ಲ…”

“ರೇಡಿಯೊ.”

“ಅವರ ನಂಬರ್ ಎಷ್ಟು ಕಮ್ಮಿ ಬಂದಿತ್ತು ಅಂದ್ರೆ, ನಿಜವಾಗ್ಲೂ ಅಷ್ಟಿದ್ದಿದ್ರೆ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿರಬೇಕು. ಅದಕ್ಕೂ ನಾರ್ಮಲ್ ಅಂತಾನೇ ಹೇಳಿದ್ದಾರೆ.” ಸೂಜಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನೂ ಗುತ್ತಿಗೆಯವಳೇ ಕಣಮ್ಮಾ. ಜಾಸ್ತಿ ಮಾತಾಡಿದ್ರೆ ನಾಳೆ ಬರಬೇಡ ಅಂತಾರೆ.”

ಕಸದ ಗಾಡಿ ಓಡಿಸುವ ರೇಡಿಯೊಗೆ ಈ ವಿಷಯ ಹೇಳಿದಾಗ ಅವನು ಬಾಯಿ ಬಿಟ್ಟು ನಕ್ಕ. “ಹಾಗಾದ್ರೆ ನಾನು ಸತ್ತು ವರ್ಷ ಆಯ್ತು! ಸತ್ತೋನ ಕೈಲೂ ಕಸ ಎತ್ತಿಸ್ತಾರಲ್ಲವ್ವಾ ಇವರು!” ನಗು ಮುಗಿದ ಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ರೇಡಿಯೊ ಸುಮ್ಮನಾದದ್ದನ್ನು ಅವರೆಲ್ಲ ನೋಡಿದ್ದು ಅದೇ ಮೊದಲು.

ಮತ್ತೆ ಕ್ಯಾಂಪು ಬಂತು. ಅದೇ ಅಂಗಳ, ಅದೇ ಶಾಮಿಯಾನ. ಬರದಿದ್ದವರ ಹಾಜರಿ ಇಲ್ಲ ಎಂದು ಮೇಸ್ತ್ರಿ ಹಿಂದಿನ ದಿನವೇ ಸಾರಿದ್ದ. ಗಡಿಬಿಡಿ ಬೀದಿ ಮುಗಿಸಿ, ಏನೂ ತಿನ್ನದೆ, ಬರಿಹೊಟ್ಟೆಯಲ್ಲಿ ಬಂದು ಬಿಸಿಲಲ್ಲಿ ಕೂತಳು. ಅವಳಿಗೆ ತನ್ನ ಮೈಯಲ್ಲಿ ಏನಿದೆಯೆಂದು ತಿಳಿಯಬೇಕಿತ್ತು. ಭಯವೂ ಇತ್ತು. ಪಾದದ ಬೆರಳುಗಳು ಕೆಲವು ದಿನಗಳಿಂದ ಜೋಮು ಹಿಡಿದಂತಿದ್ದವು. ಸ್ವಂತ ದುಡ್ಡಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಕಚೇರಿ ಅದನ್ನು ಒಪ್ಪುವುದಿಲ್ಲ. ಇಲ್ಲಿ ಬರುವ ಮಾತೇ ಕೊನೆಯ ಮಾತು. ಇಲ್ಲಿ ನಾರ್ಮಲ್ ಎಂದರೆ ಔಷಧವಿಲ್ಲ, ರಜೆಯಿಲ್ಲ, ಚರಂಡಿ ತಪ್ಪುವುದಿಲ್ಲ.

ಈ ಸಲವೂ ಕಚೇರಿಯವರದು ಮೊದಲು. ಈ ಸಲವೂ ಕಾರು ಬುರ್ರೆಂದು ಹೋಯಿತು. ಈ ಸಲವೂ ಸಾಹೇಬರು ತಡ. ಸೂಜಿಯಮ್ಮ ಬಿಳೀ ಪೆಟ್ಟಿಗೆ ತೆರೆದಿಟ್ಟುಕೊಂಡು ಸಾಲಿನ ಮೊದಲಿನವರನ್ನು ಕರೆಯುವಷ್ಟರಲ್ಲಿ ಮೇಸ್ತ್ರಿ ಬಂದ. ಐಸಿನ ಚೀಲಗಳನ್ನು ಎತ್ತಿದ.

“ಸಾರ್, ಅದು ಬೇಕು” ಎಂದಳು ಸೂಜಿಯಮ್ಮ.

“ಆಮೇಲೆ ತಂದಿಡ್ತೀನಿ.”

ಟಬ್ಬಿನಲ್ಲಿ ಚೀಲಗಳು ಬಿದ್ದ ಸದ್ದು ಗಡಿಬಿಡಿಗೆ ಕೇಳಿಸಿತು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಕಸುವು ಬೇಕು. ಬಂದದ್ದು ಆಯಾಸ. ಇದನ್ನು ಇನ್ನೊಂದು ವರ್ಷ ನೋಡಲಾರೆ ಎನ್ನುವಂಥ ಆಯಾಸ.

ಸಾಲಿನ ಮೊದಲಲ್ಲಿದ್ದ ಮುದುಕಿಯ ರಕ್ತ ತೆಗೆದಾಯಿತು. “ಮುಂದಿನೋರು ಬನ್ನಿ.”

ಅವಳ ಸರದಿ. ಎದ್ದಳು. ಸ್ಟೂಲಿನ ಮೇಲೆ ಕೂತಳು. ಸೂಜಿಯಮ್ಮ ತೋಳಿಗೆ ಪಟ್ಟಿ ಕಟ್ಟಲು ಹೋದಳು.

“ಬೇಡ” ಎಂದಳು ಗಡಿಬಿಡಿ.

“ಏನ್ ಬೇಡ?” ಮೇಸ್ತ್ರಿ ತಿರುಗಿದ.

“ರಕ್ತ ಕೊಡಲ್ಲ.”

“ಕೊಡಲ್ಲ ಅಂದ್ರೆ?”

“ಐಸು ತಂದಿಡಿ. ಆಮೇಲೆ ಕೊಡ್ತೀನಿ.”

ಮೇಸ್ತ್ರಿ ನಕ್ಕ. ಶಾಮಿಯಾನದ ಕೆಳಗಿದ್ದವರ ಕಡೆ ತಿರುಗಿ ಇನ್ನೊಮ್ಮೆ ನಕ್ಕ. “ಕೇಳಿದ್ರಾ? ಇವರ ರಕ್ತಕ್ಕೆ ಏಸಿ ಬೇಕಂತೆ. ಏನಮ್ಮಾ, ನಿನ್ ರಕ್ತ ಬಿಸಿಲಿಗೆ ಕರಗಿ ಹೋಗ್ತದಾ? ದಿನಾ ಬಿಸಿಲಲ್ಲೇ ಇರ್ತೀಯಲ್ಲ!”

ಕೆಲವರು ನಕ್ಕರು. ಗಡಿಬಿಡಿ ಸ್ಟೂಲಿನಿಂದ ಎದ್ದಳು. ಟಬ್ಬಿನ ಕಡೆಗೆ ನಡೆದಳು. ಶಾಮಿಯಾನದ ಕೆಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನೆರಳು ತಣ್ಣಗಿತ್ತು.

“ಏಯ್, ಅಲ್ಲೇ ನಿಲ್ಲು. ಮುಟ್ಟಬೇಡ! ಕಸದ ಕೈ ಅದು! ಸಾಹೇಬರು ಕುಡಿಯೋದು!”

ಅವಳು ನಿಂತಳು. ತನ್ನ ಕೈ ನೋಡಿಕೊಂಡಳು. ಬೆಳಿಗ್ಗೆ ಹೋಟೆಲಿನ ಹಿಂದೆ ಎತ್ತಿದ ಎಂಜಲು, ಚರಂಡಿಯ ಕೆಸರು, ಉಗುರ ಸಂದಿಯಲ್ಲಿ ಕಪ್ಪು. ಸೋಪು ಕೊಡಿ ಎಂದು ವರ್ಷಗಟ್ಟಲೆ ಕೇಳಿ ಸಾಕಾಗಿದ್ದ ಕೈ. ಎರಡೂ ಕೈಗಳನ್ನು ಮೊಣಕೈವರೆಗೆ ಟಬ್ಬಿನೊಳಗೆ ಇಳಿಸಿದಳು. ಬಾಟಲಿಗಳ ನಡುವೆ ಕೈಯಾಡಿಸಿದಳು. ಒಂದೊಂದು ಬಾಟಲಿಯನ್ನೂ ಮುಟ್ಟಿದಳು, ಕುತ್ತಿಗೆಯಿಂದ ಬುಡದವರೆಗೆ, ನಿಧಾನವಾಗಿ. ಇಡೀ ಬದುಕು ಗಡಿಬಿಡಿಯಲ್ಲಿ ಕಳೆದವಳಿಗೆ ಇವತ್ತು ಯಾವ ಅವಸರವೂ ಇರಲಿಲ್ಲ.

ಆಮೇಲೆ ಐಸಿನ ಚೀಲಗಳನ್ನು ಎತ್ತಿಕೊಂಡಳು.

“ಈಗ ಇದನ್ನ ಯಾವ ಸಾಹೇಬ್ರೂ ಕುಡಿಯಲ್ಲ” ಎಂದಳು. “ಐಸು ಯಾರಿಗೂ ಬೇಡ. ನಮಗಿರ್ಲಿ.”

ಮೇಸ್ತ್ರಿಯ ಮುಖ ಕೆಂಪಾಯಿತು. ಅವಳ ಕೈಯಿಂದ ಕಿತ್ತುಕೊಳ್ಳಲು ಬಂದ. ಅರ್ಧ ದೂರ ಬಂದು ನಿಂತ. ಕಿತ್ತುಕೊಳ್ಳಬೇಕೆಂದರೆ ಅವಳನ್ನು ಮುಟ್ಟಬೇಕು. ಅಷ್ಟು ಜನರ ಎದುರು ಅವನಿಂದ ಅದಾಗಲಿಲ್ಲ. ಅವನ ಅಸಹ್ಯವೇ ಅವನ ಕೈ ಕಟ್ಟಿಹಾಕಿತು.

“ಇವತ್ತಿಂದ ನಿನಗೆ ಕೆಲಸ ಇಲ್ಲ” ಎಂದ.

“ಸರಿ” ಎಂದಳು. “ಅಕ್ಕನಿಗೂ ಇಲ್ಲ. ಕೆಲಸ ಮಾಡಿ ಮಾಡಿ ಕಾಲು ಕೊಟ್ಲು, ಆಮೇಲೆ ಕೆಲಸನೂ ಹೋಯ್ತು. ನನಗೆ ಕಾಲಾದ್ರೂ ಉಳಿಯತ್ತಲ್ಲ.”

ಬಿಸಿಲಲ್ಲಿ ಕೂತಿದ್ದ ಸಾಲು ಎದ್ದು ನಿಂತಿತು. ಯಾರೂ ಕೂಗಲಿಲ್ಲ. ಕೂಗುವಷ್ಟು ಶಕ್ತಿ ಯಾರಿಗಿತ್ತು, ಎಲ್ಲರೂ ಬರಿಹೊಟ್ಟೆ. ರಕ್ತ ಕೊಡಲೆಂದು ಮೇಲೆ ಮಡಚಿದ್ದ ಬಟ್ಟೆಯ ತೋಳುಗಳನ್ನು ಸುಮ್ಮನೆ ಇಳಿಬಿಟ್ಟರು. ಆಗಲೇ ರಕ್ತ ಕೊಟ್ಟಿದ್ದ ಮುದುಕಿ ಸೂಜಿಯಮ್ಮನ ಬಳಿ ಹೋಗಿ, “ನನ್ ಸೀಸೆ ವಾಪಸ್ ಕೊಡವ್ವಾ” ಎಂದಳು.

ರೇಡಿಯೊ ಒಬ್ಬನೇ ಬಾಯಿ ಬಿಟ್ಟ. “ಮೇಸ್ತ್ರಿಗಳೇ, ಸಾಹೇಬರು ಬರೋ ಹೊತ್ತಾಯ್ತು. ಖಾಲಿ ಪೆಟ್ಟಿಗೆ ಮುಂದೆ ಫೋಟೊ ತೆಗೆಸ್ಕೊಳ್ತಾರಾ? ನಾನಂತೂ ಸತ್ತೋನು, ನನಗೇನಿಲ್ಲ. ನೀವು ಬದುಕಿರೋರು, ಯೋಚನೆ ಮಾಡಿ.”

ಮೇಸ್ತ್ರಿ ಶಾಮಿಯಾನದ ಕಡೆ ನೋಡಿದ. ಅಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಳ್ಳುತ್ತಿದ್ದರು. ಅವನು ಏನೋ ಗೊಣಗಿ ಬೆನ್ನು ತಿರುಗಿಸಿದ. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಂಥವರು ಹೇಳುವುದೂ ಇಲ್ಲ.

ಸೂಜಿಯಮ್ಮ ಬೇಗ ಬೇಗ ತೆಗೆದಳು. ಗಡಿಬಿಡಿ ಪೆಟ್ಟಿಗೆಯ ಪಕ್ಕದಲ್ಲೇ ಕೂತು ತನ್ನ ತೋಳು ಕೊಟ್ಟಳು. ರಕ್ತ ಸೀಸೆಗೆ ಇಳಿಯುವುದನ್ನು ಕೊನೆಯವರೆಗೆ ನೋಡಿದಳು. ಕೊನೆಯವನ ರಕ್ತ ತೆಗೆದು ಮುಚ್ಚಳ ಹಾಕಿದಾಗಲೂ ಗಾಡಿ ಇರಲಿಲ್ಲ. ಪೆಟ್ಟಿಗೆ ಒಯ್ಯುವ ಗಾಡಿ ಸಾಹೇಬರನ್ನು ಎದುರುಗೊಳ್ಳಲು ಹೋಗಿತ್ತು.

“ಐಸಿದ್ರೂ ಇಲ್ಲೇ ಇಟ್ಟುಕೊಂಡು ಕೂತ್ರೆ ಪ್ರಯೋಜನ ಇಲ್ಲ” ಎಂದಳು ಸೂಜಿಯಮ್ಮ ಮೆಲ್ಲಗೆ. “ಈಗಲೇ ಹೋಗ್ಬೇಕು.”

ಕಸದ ಗಾಡಿ ಗೇಟಿನ ಹೊರಗೆ ನಿಂತಿತ್ತು. ರೇಡಿಯೊ ಬೀಗದ ಕೈ ಝಣಝಣಿಸಿದ. ಗಡಿಬಿಡಿ ಅವನ ಪಕ್ಕ ಹತ್ತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೂಜಿಯಮ್ಮ ಒಂದು ಗಳಿಗೆ ಮೇಸ್ತ್ರಿಯ ಬೆನ್ನು ನೋಡಿದಳು. ಮತ್ತೆ ಸೀರೆ ಎತ್ತಿ ಕಟ್ಟಿ ಅವಳೂ ಹತ್ತಿದಳು. ಹಿಂದೆ ಕೊಳೆತ ತರಕಾರಿ ನಾರುತ್ತಿತ್ತು. ನೊಣಗಳು ಜೊತೆಗೇ ಬಂದವು. ಪೆಟ್ಟಿಗೆಯ ತಂಪು ಸೀರೆಯನ್ನು ದಾಟಿ ತೊಡೆಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಗಡಿಬಿಡಿ ಅದನ್ನು ಎರಡು ಕೈಯಿಂದ ಅಪ್ಪಿಕೊಂಡಿದ್ದಳು. ಇಷ್ಟು ಜನರ ರಕ್ತ ಇಷ್ಟು ಹಗುರವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಲ್ಯಾಬಿನ ಗೇಟಿನಲ್ಲಿ ಕಾವಲುಗಾರ ಮೂಗು ಮುಚ್ಚಿಕೊಂಡು ತಡೆದ. “ಕಸದ ಗಾಡಿ ಹಿಂದಿನ ಗೇಟಿಗೆ.”

“ಕಸ ಅಲ್ಲಪ್ಪಾ” ಎಂದಳು ಗಡಿಬಿಡಿ. “ನಾವು.”

ಅವನಿಗೆ ಅರ್ಥವಾಗಲಿಲ್ಲ. ಸೂಜಿಯಮ್ಮ ತನ್ನ ಗುರುತಿನ ಚೀಟಿ ತೋರಿಸಿದಳು. ಗೇಟು ತೆರೆಯಿತು.

ಕೆಲಸದಿಂದ ತೆಗೆಯುತ್ತೇನೆ ಎಂದಿದ್ದ ಮೇಸ್ತ್ರಿ ತೆಗೆಯಲಿಲ್ಲ. ಅವಳ ಬೀದಿ ಬದಲಿಸಿ ಮಾಂಸದ ಮಾರುಕಟ್ಟೆಯ ಚರಂಡಿಗೆ ಹಾಕಿದ. ಸೂಜಿಯಮ್ಮನನ್ನು ಕ್ಯಾಂಪಿನ ಕೆಲಸಕ್ಕೆ ಮತ್ತೆ ಕರೆಯಬಾರದೆಂದು ಮೇಲಿನಿಂದ ಮಾತು ಬಂತಂತೆ. ಗೆದ್ದೆವು ಎಂದು ಯಾರಿಗೂ ಅನ್ನಿಸಲಿಲ್ಲ. ಗೆದ್ದವರು ಮರುದಿನ ಚರಂಡಿಯಿಂದ ಕುರಿಯ ಕರುಳು ಎತ್ತುತ್ತಾರೆಯೇ?

ಪರೀಕ್ಷೆಯ ಫಲ ಬಂದ ದಿನ ಎಲ್ಲರೂ ಅಂಗಳದಲ್ಲಿ ಸೇರಿದರು. ಈ ಸಲ ಎಲ್ಲರದ್ದೂ ನಾರ್ಮಲ್ ಆಗಿರಲಿಲ್ಲ. ಸುಮಾರು ಅರ್ಧ ಸಾಲಿಗೆ ಸಕ್ಕರೆ ಕಾಯಿಲೆ ಇತ್ತು. ಸೀಸೆ ವಾಪಸ್ ಕೇಳಿದ್ದ ಮುದುಕಿಗಿತ್ತು. ರೇಡಿಯೊಗಿತ್ತು. “ಬದುಕಿದ್ದೀನಿ ಅಂತಾದ್ರೂ ಗೊತ್ತಾಯ್ತಲ್ಲ” ಎಂದ ಅವನು, ಆದರೆ ದನಿ ಇಳಿದಿತ್ತು. ಗಡಿಬಿಡಿಗೂ ಇತ್ತು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದೇ ಚಪ್ಪಲಿ.

“ಬಂತಾ?”

“ಬಂತು. ಇದೆ ಅಕ್ಕಾ.”

ಅಕ್ಕ ಅಳಲಿಲ್ಲ. “ಮಾತ್ರೆ ಕೊಟ್ರಾ?”

“ಕೊಟ್ರು. ಕೊಡ್ಲೇಬೇಕಲ್ಲ ಈಗ.”

“ಕಾಲು ತೋರ್ಸು.”

ಗಡಿಬಿಡಿ ಹೊಸ್ತಿಲ ಮೇಲೆ ಕೂತು ಕಾಲು ಚಾಚಿದಳು. ಅಕ್ಕ ಅವಳ ಪಾದವನ್ನು ತನ್ನ ತೊಡೆಯ ಮೇಲೆ, ಕಾಲು ಇಲ್ಲದ ಕಡೆ, ಎತ್ತಿಟ್ಟುಕೊಂಡಳು. ಒಂದೊಂದು ಬೆರಳನ್ನೂ ಬಿಡಿಸಿ ಸಂದಿ ನೋಡಿದಳು. ಹಿಮ್ಮಡಿಯ ಬಿರುಕನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಉಗುರಿನಿಂದ ಅಂಗಾಲು ಒತ್ತಿದಳು.

“ನೋವಾಗತ್ತಾ?”

“ಆಗತ್ತೆ.”

“ಆಗ್ಲಿ. ನೋವಾಗೋವರೆಗೆ ಕಾಲು ನಿಂದೇ.”

ಬೀದಿಯಲ್ಲಿ ಯಾರೋ ಕಸ ಎಸೆದು ಹೋದರು.

“ಎಷ್ಟು ಐಸು ಬೇಕಾಯ್ತೇ?” ಎಂದು ಅಕ್ಕ ಕೇಳಿದಳು.

“ಎರಡು ಚೀಲ. ಇಷ್ಟಿಷ್ಟು.” ಗಡಿಬಿಡಿ ತನ್ನ ಅಂಗೈ ತೋರಿಸಿದಳು.

ಅಕ್ಕ ಆ ಅಂಗೈಯನ್ನು ನೋಡಿದಳು. ಬಳಿಕ ತನ್ನ ಸೀರೆಯ ಕೆಳಗಿನ ಖಾಲಿ ಜಾಗವನ್ನು ನೋಡಿದಳು.

“ಅಷ್ಟೇನಾ?” ಎಂದಳು.